ಮಲ್ಲೇಶಪ್ಪನವರ ಲೋಟದ ಕೆಳಗೆ

ಸಾರಾಯಿ ಬೇಡ ಎನ್ನುವ ಹೆಂಗಸರಿಗೆ ಬಸರೀಕಟ್ಟೆಯಲ್ಲಿ ಸಭೆ ಸೇರಲು ಸಿಕ್ಕಿದ ಜಾಗ ಯಾವುದು ಗೊತ್ತೇ? ಸಾರಾಯಿ ಕಂಟ್ರಾಕ್ಟು ಹಿಡಿದು ದುಡ್ಡು ಮಾಡಿದ ಮಲ್ಲೇಶಪ್ಪನವರು ಊರಿಗೆ ದಾನ ಕೊಟ್ಟ ಭವನ. ಭವನ ಎಂದರೆ ದೊಡ್ಡದೇನಲ್ಲ, ಹಂಚು ಹೊದಿಸಿದ ಒಂದೇ ಕೋಣೆ. ಒಳಗೆ ಕಾಲಿಟ್ಟರೆ ಎದುರು ಗೋಡೆಯಲ್ಲಿ ಮಲ್ಲೇಶಪ್ಪನವರದೇ ದೊಡ್ಡ ತೈಲಚಿತ್ರ. ಜರಿ ಪೇಟ, ಕರಿ ಕೋಟು, ಬಲಗೈಯಲ್ಲಿ ಉದ್ದ ಕಾಲಿನ ಬೆಳ್ಳಿ ಲೋಟ. ಯಾವುದೋ ಕ್ಲಬ್ಬಿನಲ್ಲಿದ್ದ ಬಿಳಿ ದೊರೆಯ ಚಿತ್ರ ತೋರಿಸಿ, 'ನಂಗೂ ಹಿಂಗೇ ಬರಿ' ಎಂದು ಬರೆಸಿಕೊಂಡದ್ದಂತೆ. ಮುಖ ಮತ್ತು ಪೇಟ ಮಾತ್ರ ಅವರದ್ದು, ಉಳಿದದ್ದೆಲ್ಲ ದೊರೆಯದು.

ತೆಗೆದು ಮೂಲೆಗಿಡೋಣ ಎಂದರೆ ಅದಕ್ಕೂ ದಾರಿಯಿರಲಿಲ್ಲ. ಬಾಗಿಲ ಪಕ್ಕದ ಕಲ್ಲಿನಲ್ಲಿ ಕೆತ್ತಿಸಿಟ್ಟೇ ಸತ್ತಿದ್ದರು: ಊರವರು ಈ ಚಿತ್ರವನ್ನು ತೆಗೆಯಕೂಡದು, ಮುಚ್ಚಕೂಡದು, ಹಾಗೆ ಮಾಡಿದಲ್ಲಿ ಕಟ್ಟಡ ನಮ್ಮ ಮನೆತನಕ್ಕೆ ವಾಪಸು. ಸತ್ತ ಮೇಲೂ ಲೋಟ ಕೆಳಗಿಡದ ಮನುಷ್ಯ! ಪ್ರತಿ ಬುಧವಾರ ಸಂಜೆ ಸ್ತ್ರೀಶಕ್ತಿ ಸಂಘದ ನಾವೆಲ್ಲ ಆ ಲೋಟದ ಕೆಳಗೆ ಕೂತು ಸಾರಾಯಿ ಅಂಗಡಿ ಮುಚ್ಚಿಸುವ ಮಾತಾಡಬೇಕಿತ್ತು. ಎರಡು ಸಾವಿರದ ನಾಲ್ಕನೇ ಇಸವಿ ಅದು. ಜೀಪ್ ಸ್ಟ್ಯಾಂಡಿನ ಅಂಗಡಿಯಲ್ಲಿ ಸಾರಾಯಿ ಪ್ಯಾಕೆಟ್ಟು ಮಕ್ಕಳ ಮಿಠಾಯಿಯ ಹಾಗೆ ಬಿಕರಿಯಾಗುತ್ತಿತ್ತು. ಆ ಚಿತ್ರ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸಂಘದಲ್ಲಿ ಸರಾಗವಾಗಿ ಬರೆಯಲು ಬರುತ್ತಿದ್ದವಳು ನಾನೊಬ್ಬಳೇ. ಚಿತ್ರದ ಕೆಳಗೆ ತೂಗುಹಾಕಿದ ಕರಿಹಲಗೆಯ ಮೇಲೆ ಅವತ್ತಿನ ವಿಷಯ ಬರೆಯುವುದು ನನ್ನ ಕೆಲಸ. ಒಂದು ಬುಧವಾರ ಸಭೆ ಮುಗಿಸಿ ಹಲಗೆ ಒರೆಸುತ್ತಿದ್ದೆ. ನಮ್ಮೊಳಗೆ ಬಾಯಿ ಜೋರಿನವಳು ಯಲ್ಲಕ್ಕ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಚಿತ್ರವನ್ನೇ ನೋಡುತ್ತ ನಿಂತವಳು ಹೇಳಿದಳು:

"ಅನಿತಾ, ಈ ಪುಣ್ಯಾತ್ಮ ಚಿತ್ರ ಬರೆಯೋನಿಗೆ ಎಂತದೋ ಹೇಳ್ತಿರ ಹಂಗೆ ಕಾಣ್ತದೆ ಮಾರಾಯ್ತಿ. ಬರಿ, ನಾನು ಹೇಳ್ತೀನಿ. 'ಬೇಗ ಬಿಡಿಸೋ ಮಾರಾಯ, ಲೋಟ ಹಿಡ್ದು ಹಿಡ್ದು ಕೈ ಸೋತು ಹೋಯ್ತು.'"

ಬರೆದೇಬಿಟ್ಟೆ. ಓದಿ ಹೇಳಿದ ಕೂಡಲೇ ಕೋಣೆ ಹಾರಿಹೋಗುವಷ್ಟು ನಗು. ತೆಗೆಯಕೂಡದು ಎಂದಿತ್ತು, ಮುಚ್ಚಕೂಡದು ಎಂದಿತ್ತು. ಕೆಳಗೆ ಬರೆಯಕೂಡದು ಎಂದು ಕಲ್ಲಿನಲ್ಲಿ ಎಲ್ಲಿಯೂ ಇರಲಿಲ್ಲ.

ಆಮೇಲೆ ಅದೇ ಪದ್ಧತಿಯಾಯಿತು. ಸಭೆ ಮುಗಿಯುವ ಹೊತ್ತಿಗೆ ಯಾರಾದರೊಬ್ಬರು ಮಲ್ಲೇಶಪ್ಪನವರ ಬಾಯಿಗೆ ಒಂದು ಮಾತು ತುರುಕಬೇಕು, ಇಲ್ಲವೇ ಅವರಿಗೆ ನಾಲ್ಕು ಮಾತು ಹೇಳಬೇಕು, ನಾನು ಬರೆಯಬೇಕು. ಅದು ಮುಂದಿನ ಬುಧವಾರದವರೆಗೆ ಹಲಗೆಯ ಮೇಲಿರಬೇಕು. 'ಇದು ಜ್ವರದ ಕಷಾಯ. ಜ್ವರ ಬಂದು ನಲವತ್ತು ವರ್ಷ ಆಯ್ತು.' 'ಲೋಟ ಬೆಳ್ಳಿದು ನಂಗೆ, ಪ್ಲಾಸ್ಟಿಕ್ ಪ್ಯಾಕೆಟ್ಟು ನಿಮ್ಗೆ.' ಹೆಬ್ಬೆಟ್ಟು ಒತ್ತುವ ಹೆಂಗಸರ ಮಾತುಗಳು ಇವೆಲ್ಲ. ಮನೆಯಲ್ಲಿ ಬಾಯಿ ಬಿಟ್ಟರೆ ಏಟು ತಿನ್ನುತ್ತಿದ್ದವರು ಇಲ್ಲಿ ಸಾಹುಕಾರರನ್ನೇ ಗೋಳು ಹೊಯ್ದುಕೊಳ್ಳುತ್ತಿದ್ದರು. ಸಭೆಗೆ ಚಕ್ಕರ್ ಹೊಡೆಯುತ್ತಿದ್ದವರೂ ಇದಕ್ಕಾಗಿಯೇ ಬರತೊಡಗಿದರು. ಗುರುವಾರ ಬೆಳಿಗ್ಗೆ ಗಂಡಸರು ಕಿಟಕಿಯಲ್ಲಿ ಇಣುಕಿ ಓದಿಕೊಂಡು ಹೋಗುತ್ತಿದ್ದರೆಂದೂ ಸುದ್ದಿ.

ಒಂದೂ ಮಾತು ಕೊಡದೆ ಉಳಿದವಳು ಸುಬ್ಬಿ. ಬಾಗಿಲ ಹತ್ತಿರ ಕೂತು, ಎಲ್ಲರೂ ನಕ್ಕ ಮೇಲೆ ತಾನೂ ಒಂಚೂರು ನಗುವವಳು. ಅವಳ ಗಂಡ ಭೈರಪ್ಪ ಕೂಲಿ ಸಿಕ್ಕಿದ ದಿನ ಅಂಗಡಿಗೆ ಹೋದರೆ ಮನೆಯ ನೆನಪಾಗುವುದು ಯಾವತ್ತೋ. ಅವರಿದ್ದದ್ದು ಮಲ್ಲೇಶಪ್ಪನವರ ಮೊಮ್ಮಗ ರಾಜಶೇಖರರ ಎಸ್ಟೇಟಿನ ಕೂಲಿ ಲೈನಿನಲ್ಲಿ, ಆಳುಗಳಿಗೆಂದು ಕಟ್ಟಿಸಿದ ಸಾಲುಮನೆಯಲ್ಲಿ. ಸಾರಾಯಿ ಅಂಗಡಿಯ ಕಟ್ಟಡವೂ ರಾಜಶೇಖರರದ್ದೇ. ಸುಬ್ಬಿಯ ತಲೆಯ ಮೇಲಿನ ಸೂರು ಅವರ ಕೈಯಲ್ಲಿ, ಗಂಡನ ಕೂಲಿ ಅವರ ಗಲ್ಲಾದಲ್ಲಿ. ಹಾಗಿರುವಾಗ ಅವಳು ಹೇಗೆ ತಾನೇ ಬಾಯಿ ಬಿಟ್ಟಾಳು?

ಆದರೆ ಬಿಟ್ಟಳು. ಕಾಫಿ ಕುಯ್ಲಿನ ಕಾಲ. ಎಲ್ಲರ ಬೆರಳೂ ಹಣ್ಣಿನ ಅಂಟಿನಿಂದ ಕಪ್ಪಾಗಿದ್ದವು. ಆ ವಾರ ಯಲ್ಲಕ್ಕನಿಗೂ ಏನೂ ಹೊಳೆಯದೆ ನಾನು ಸೀಮೆಸುಣ್ಣ ಹಿಡಿದು ಕಾಯುತ್ತಿದ್ದೆ. ಬಾಗಿಲ ಕಡೆಯಿಂದ ಸಣ್ಣ ದನಿ ಬಂತು.

"ನಮ್ಮನೆಯವ್ರು ಮೂರು ದಿನ ಆಯ್ತು ಮನೆಗೆ ಬಂದಿಲ್ಲ. ನಿಮ್ಮ ಲೋಟದಾಗೆ ಇದ್ರೆ ಕಳ್ಸಿಕೊಡಿ ಸಾವ್ಕಾರ್ರೇ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗುತ್ತ ನಗುತ್ತ ಒಬ್ಬೊಬ್ಬರೇ ಸುಮ್ಮನಾದರು. ನನಗೆ ಬರೆಯುವಾಗ ಸಿಟ್ಟು ಬಂತು. ಅವಳು ಹೇಳಿದ್ದನ್ನು ಒಂದಕ್ಷರ ತಿದ್ದದೆ ದಪ್ಪಕ್ಷರದಲ್ಲಿ ಹಲಗೆ ತುಂಬ ಬರೆದೆ.

ಮುಂದಿನ ಬುಧವಾರ ನಾವೆಲ್ಲ ಬಂದು ಕೂತಿದ್ದೆವಷ್ಟೇ, ಹಲಗೆಯನ್ನು ನಾನಿನ್ನೂ ಒರೆಸಿರಲಿಲ್ಲ. ಹೊರಗೆ ಜೀಪು ನಿಂತಿತು. ರಾಜಶೇಖರರು ಆಗಷ್ಟೇ ಬಂಗಲೆಯಲ್ಲಿ ಹೋಂ ಸ್ಟೇ ಶುರು ಮಾಡಿದ್ದರು. ಅಲ್ಲಿ ಇಳಿದುಕೊಂಡಿದ್ದ ಒಂದಷ್ಟು ಅತಿಥಿಗಳಿಗೆ ತಾತನ ತೈಲಚಿತ್ರ ತೋರಿಸಲು ಕರೆತಂದಿದ್ದರು. ನಮ್ಮ ಕಡೆ ನೋಡದೆ, "ಇವರೇ ನಮ್ಮ ತಾತ. ಈ ಭಾಗಕ್ಕೆಲ್ಲ ಅವರಂಥ ದಾನಿ ಇನ್ನೊಬ್ಬರಿಲ್ಲ" ಎಂದು ಕೈ ತೋರಿಸಿದರು. ಬಂದವರಲ್ಲೊಬ್ಬ ಹೆಂಗಸು ಹಲಗೆಯನ್ನು ಗಟ್ಟಿಯಾಗಿ ಓದಿದಳು. 'ನಿಮ್ಮ ಲೋಟದಾಗೆ ಇದ್ರೆ' ಎನ್ನುವಲ್ಲಿಗೆ ಬರುವಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಅವಳ ಕಡೆಯವರೂ ನಕ್ಕರು. ರಾಜಶೇಖರರ ಮುಖ ಕೆಂಪಗಾಯಿತು.

"ಯಾರು ಬರ್ದಿದ್ದು ಇದು?"

"ನಾನು" ಎಂದು ಎದ್ದು ನಿಂತೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಮ್ಮಪ್ಪನಿಗೆ ಸ್ವಂತದ್ದೊಂದು ತುಂಡು ಜಾಗ, ಅದರಲ್ಲೊಂದು ಮನೆ ಇತ್ತು. ನನ್ನನ್ನು ಅವರು ಎಲ್ಲಿಂದಲೂ ಎಬ್ಬಿಸುವಂತಿರಲಿಲ್ಲ. ಅದು ಅವರಿಗೂ ಗೊತ್ತು.

"ಅಕ್ಷರ ನಿಂದು. ಮಾತು ಯಾರ್ದು? ಯಾರ ಗಂಡ ಮೂರು ದಿನ ಮನೆಗೆ ಬರ್ಲಿಲ್ಲ?"

"ಯಾರ ಗಂಡ ಬಂದಿದ್ದ ಅಂತ ಕೇಳಿ ಸಾವ್ಕಾರ್ರೇ, ಬೇಗ ಲೆಕ್ಕ ಸಿಗ್ತದೆ" ಎಂದಳು ಯಲ್ಲಕ್ಕ.

ಮತ್ತೆ ನಗು. ಈ ಸಲ ರಾಜಶೇಖರರಿಗೆ ಸಿಟ್ಟು ತಡೆಯಲಾಗಲಿಲ್ಲ. "ನಮ್ಮ ಲೈನಲ್ಲಿದ್ಕೊಂಡು, ನಮ್ಮ ಅನ್ನ ತಿಂದು, ನಮ್ಮ ತಾತನ್ನೇ ಆಡ್ಕೊಳ್ತೀರ? ಹೇಳಿದವ್ಳು ನಾಳೆ ಲೈನ್ ಖಾಲಿ ಮಾಡ್ಬೇಕು. ಧೈರ್ಯ ಇದ್ರೆ ಎದ್ದು ಬಂದು ಹೆಸರು ಹಾಕ್ಲಿ ನೋಡಾಣ!"

ನಾನು ಬೇಕೆಂದೇ ಬಾಗಿಲ ಕಡೆ ನೋಡಲಿಲ್ಲ. ಸುಬ್ಬಿ ಸುಮ್ಮನಿರಲಿ, ಸುಮ್ಮನಿದ್ದುಬಿಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ನನ್ನ ಕೈಯಿಂದ ಯಾರೋ ಸೀಮೆಸುಣ್ಣ ತೆಗೆದುಕೊಂಡರು. ಸುಬ್ಬಿ!

"ಸುಬ್ಬಕ್ಕ, ಬ್ಯಾಡ" ಎಂದೆ.

"ಸಾವ್ಕಾರ್ರು ಹೆಸರು ಹಾಕು ಅಂದ್ರಲ್ಲ, ಕೂಸೇ. ನೀನೇ ಕಲ್ಸಿದ್ದಲ್ವ" ಎಂದಳು.

ನಾನೇ ಕಲಿಸಿದ್ದು ಹೌದು. ಸಂಘದ ಪಾಸ್‌ಬುಕ್ಕಿಗೆ ಹೆಬ್ಬೆಟ್ಟು ಬೇಡ ಎಂದು ಹಟ ಹಿಡಿದು ಎಲ್ಲರಿಗೂ ಸಹಿ ಕಲಿಸುತ್ತಿದ್ದೆ. ಸುಬ್ಬಿಗೆ ಬರುತ್ತಿದ್ದ ಬರಹ ಅಷ್ಟೇ. ಹಲಗೆಯಲ್ಲಿ ನಾನು ಜಾಗ ಉಳಿಸಿರಲಿಲ್ಲ. ಅವಳು ಹಲಗೆಯನ್ನು ಒಂದು ಕಡೆ ಸರಿಸಿ, ಮಲ್ಲೇಶಪ್ಪನವರ ಚೌಕಟ್ಟಿನ ಕೆಳಗೆ, ಹಸಿರು ಗೋಡೆಯ ಮೇಲೆಯೇ ಶುರು ಮಾಡಿದಳು. 'ಬ'ಕ್ಕೆ ಒತ್ತು ಕೊಡುವಾಗ ಸೀಮೆಸುಣ್ಣ ಮುರಿಯಿತು. ಬಗ್ಗಿ ಚೂರು ಹೆಕ್ಕಿಕೊಂಡು ಮುಗಿಸಿದಳು. ಅತಿಥಿಗಳೂ ಕತ್ತು ಚಾಚಿ ನೋಡುತ್ತಿದ್ದರು. ಗೋಡೆಯಲ್ಲಿ ಅಂಕುಡೊಂಕಾಗಿ, ಅಂಗೈಯಗಲ ಬಂದಿತ್ತು: ಸುಬ್ಬಿ.

ಪೇಟ, ಕೋಟು, ಬೆಳ್ಳಿ ಲೋಟ, ಕೆಳಗೆ ಚಿತ್ರದವರ ಹೆಸರಿನ ಹಾಗೆ ಸುಬ್ಬಿ. ಯಲ್ಲಕ್ಕನೇ ಮೊದಲು ಕಿಸಕ್ಕೆಂದದ್ದು.

ಸುಬ್ಬಿ ನಗಲಿಲ್ಲ. ಕೈ ಸೀರೆಗೆ ಒರೆಸಿಕೊಂಡು, "ನಂದೇ ಮಾತು. ನನ್ನ ಗಂಡನ್ನೇ ಕೇಳಿದ್ದು. ಕಳ್ಸಿಕೊಡಿ" ಎಂದಳು.

"ನಾಳೆ ಬೆಳಿಗ್ಗೆ ಲೈನ್ ಖಾಲಿ!" ರಾಜಶೇಖರರು ಕಿರುಚಿದರು.

"ಆಯ್ತು ಸಾವ್ಕಾರ್ರೇ" ಎಂದು ಯಲ್ಲಕ್ಕ ಎದ್ದಳು. ಅವಳೂ ಅದೇ ಲೈನಿನವಳು. "ಅವ್ಳ ಜೊತಿಗೆ ನಾವೂ ಹೊರಡ್ತೀವಿ. ಹಣ್ಣು ಗಿಡದಾಗೆ ಉದುರ್ತಾ ಇದೆ. ಈ ನಿಮ್ಮ ನೆಂಟ್ರ ಹತ್ರ ಕುಯ್ಸಿಕೊಳ್ಳಿ. ಬುಟ್ಟಿ ಬೇಕಾದ್ರೆ ನಾವೇ ಬಿಟ್ಟು ಹೋಗ್ತೀವಿ."

ಲೈನಿನ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಎದ್ದು ನಿಂತರು. ಅತಿಥಿಗಳು ತಮ್ಮ ಬಿಳಿ ಬೂಟುಗಳನ್ನು ನೋಡಿಕೊಂಡರು. ರಾಜಶೇಖರರು ಜೀಪಿನ ಕಡೆ ನಡೆದರು. ಮರುದಿನ ಬೆಳಿಗ್ಗೆ ಲೈನು ಖಾಲಿ ಮಾಡಿಸಲು ಯಾರೂ ಬರಲಿಲ್ಲ. ಹಾಜರಿ ಕರೆಯುವಾಗ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಸುಬ್ಬಿಯ ಹೆಸರನ್ನೂ ಕರೆದರಂತೆ.

ಭೈರಪ್ಪ ಆ ವಾರವೇ ಮನೆಗೆ ಬಂದ. ಕುಡಿದೇ ಬಂದ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಅಂಗಡಿಯೂ ಅವತ್ತೇ ಮುಚ್ಚಲಿಲ್ಲ, ಅದಕ್ಕಾಗಿ ನಾವು ಕೊಪ್ಪದ ತಾಲ್ಲೂಕು ಕಚೇರಿಗೆ ಇನ್ನೂ ಎಷ್ಟೋ ಸಲ ಅಲೆದೆವು. ಆದರೆ ಮುಂದಿನ ಬುಧವಾರ ಭವನದ ಬಾಗಿಲು ತೆಗೆದಾಗ ಗೋಡೆಯಲ್ಲಿ ಮಲ್ಲೇಶಪ್ಪನವರು ಇರಲಿಲ್ಲ. ಹಿಂದಿನ ದಿನ ಮೊಮ್ಮಗನೇ ಆಳುಗಳನ್ನು ಕರೆತಂದು ತಾತನನ್ನು ಇಳಿಸಿ, ಜಮಖಾನದಲ್ಲಿ ಸುತ್ತಿ ಜೀಪಿಗೆ ಹಾಕಿಕೊಂಡು ಹೋಗಿದ್ದರು. ನಾನು ಓಡಿಹೋಗಿ ಬಾಗಿಲ ಕಲ್ಲನ್ನು ಮತ್ತೊಮ್ಮೆ ಓದಿ ಬಂದೆ. ಊರವರು ತೆಗೆಯಕೂಡದು. ನಾವು ತೆಗೆದಿರಲಿಲ್ಲ, ಮುಚ್ಚಿಯೂ ಇರಲಿಲ್ಲ. ಕಟ್ಟಡ ನಮ್ಮಲ್ಲೇ ಉಳಿಯಿತು.

ಗೋಡೆಯಲ್ಲಿ ಒಂದು ಮೊಳೆ, ಬಣ್ಣ ಮಾಸದ ಒಂದು ಚೌಕ, ಅದರ ಕೆಳಗೆ ಅಂಕುಡೊಂಕು ಅಕ್ಷರ. ಇಳಿಸುವ ಗಡಿಬಿಡಿಯಲ್ಲಿ ಅದನ್ನು ಒರೆಸಲು ಅವರಿಗೆ ನೆನಪಾಗಿರಲಿಲ್ಲ. ಸಭೆ ಮುಗಿಯಿತು. ನಾನು ಅಭ್ಯಾಸಬಲದಿಂದ ಸೀಮೆಸುಣ್ಣ ಹಿಡಿದು ನಿಂತೆ.

"ಇವತ್ತು ಎಂತ ಬರೀಲಿ?"

ಸುಬ್ಬಿ ಈಗ ಬಾಗಿಲ ಹತ್ತಿರ ಕೂತಿರಲಿಲ್ಲ, ಮುಂದಿನ ಸಾಲಿನಲ್ಲಿದ್ದಳು. ಖಾಲಿ ಚೌಕವನ್ನು ಒಂದು ಗಳಿಗೆ ನೋಡಿದಳು.

"ಎಂತದೂ ಬರೀಬ್ಯಾಡ. ಹೆಸರು ಇದ್ಯಲ್ಲ."