ಹದಿಮೂರನೆಯ ಆಣೆ

ನಾನು ಸಂಭಾವಿತಳು ಅಂತ ಹೇಳಿಕೊಳ್ಳುವುದಿಲ್ಲ. ದೇವನಹಳ್ಳಿ ಕೋಟೆಯೊಳಗಿನ ಯಾವ ಸೀಬೆಮರ, ಯಾವ ಹುಣಸೆಮರ ನಾನು ಹತ್ತದೆ ಉಳಿದಿತ್ತು? ಆದರೆ ಹೆಡ್ ಮೇಷ್ಟ್ರು ಜವರಪ್ಪನವರ ಚಕ್ಕೋತ ಮಾತ್ರ ನಾನು ಕೀಳಲಿಲ್ಲ. ಕದ್ದು ಬೈಸಿಕೊಂಡರೆ ಹೋಗಲಿ, ಕದಿಯದೆ ಬೈಸಿಕೊಂಡರೆ ಹೊಟ್ಟೆ ಉರಿಯುವುದಿಲ್ಲವೇ?

ಅದು ಸಾವಿರದ ಒಂಬೈನೂರ ನಲವತ್ತನಾಲ್ಕನೇ ಇಸವಿ. ಹಣ್ಣು ಇದ್ದದ್ದು ಶಾಲೆಗೆ ಅಂಟಿಕೊಂಡಿದ್ದ ಮೇಷ್ಟ್ರ ಮನೆ ಹಿತ್ತಲಿನಲ್ಲಿ. ಇನ್‌ಸ್ಪೆಕ್ಟರ್ ಸಾಹೇಬರು ಬರುತ್ತಾರೆ, ಅವರಿಗೆ ಕೊಡಬೇಕು ಅಂತ ಮೇಷ್ಟ್ರು ಅದಕ್ಕೆ ಬಟ್ಟೆ ಸುತ್ತಿ ಹಸುಗೂಸಿನ ಹಾಗೆ ಕಾಪಾಡಿದ್ದರು. ಅವರು ಬರುವ ಹಿಂದಿನ ದಿನ ಬೆಳಗ್ಗೆ ನೋಡಿದರೆ ಬಟ್ಟೆ ಮಾತ್ರ ಕೊಂಬೆಯಲ್ಲಿ ನೇತಾಡುತ್ತಿತ್ತು.

"ಪಿಳ್ಳಮ್ಮ, ಎದ್ದೇಳೇ! ಮರ ಹತ್ತೋಳು ನಿನ್ನ ಬಿಟ್ರೆ ಇನ್ಯಾರು? ನಿಮ್ಮಪ್ಪನ್ನ ಕರೆಸ್ತೀನಿ" ಎಂದು ಹೆಡ್ ಮೇಷ್ಟ್ರು ನಮ್ಮ ಕ್ಲಾಸಿಗೆ ನುಗ್ಗಿ ಗುಡುಗಿದರು. ಜವಾನನನ್ನು ನಮ್ಮ ಹೊಲಕ್ಕೆ ಓಡಿಸಿಯೂ ಬಿಟ್ಟರು.

"ಸ್ಕೂಲಿಂದ ಒಂದೇ ಒಂದು ದೂರು ಬಂದ್ರೂ ಪುಸ್ತಕ ಮೂಲೆಗೆ, ನೀನು ದನದ ಹಿಂದೆ" ಅಂತ ಅಪ್ಪ ಶಾಲೆಗೆ ಸೇರಿಸುವಾಗಲೇ ಹೇಳಿದ್ದ. ಆಡಿದ ಮಾತು ತಪ್ಪುವ ಮನುಷ್ಯನಲ್ಲ ಅವನು.

ಆಗ ಚಿನ್ನಸ್ವಾಮಿ ಮೇಷ್ಟ್ರ ಚರಿತ್ರೆ ಪಾಠ ನೆನಪಾಯಿತು. ಸಾವಿರ ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಸ್ಯಾಕ್ಸನ್ನರು ಅನ್ನುವ ಜನ ಇದ್ದರಂತೆ. ಅವರಲ್ಲಿ ಯಾರ ಮೇಲಾದರೂ ಅಪವಾದ ಬಂದರೆ, ಆತ ಊರ ಮುಂದೆ ನಿಂತು ಆಣೆ ಮಾಡಬೇಕು. ಜೊತೆಗೆ ಹನ್ನೆರಡು ಮಂದಿ ಬಂದು 'ಇವನ ಆಣೆ ಶುದ್ಧ, ಸುಳ್ಳಿಲ್ಲ' ಅನ್ನಬೇಕು. ತೊದಲಿದವರ ಮಾತು ಲೆಕ್ಕಕ್ಕಿಲ್ಲ. ಹನ್ನೆರಡೂ ಸರಿಯಾಗಿ ಬಂದರೆ ಅಪವಾದ ಕಳೆಯಿತು.

"ಸಾ, ನಾನು ಸ್ಯಾಕ್ಸನ್ನರ ಥರ ಆಣೆ ಮಾಡ್ತೀನಿ! ಹನ್ನೆರಡು ಜನಾನ ಕರ್ಕೊಂಡು ಬರ್ತೀನಿ!"

"ಏನೇ ಇದು ತಲೆಹರಟೆ?" ಅಂತ ಹೆಡ್ ಮೇಷ್ಟ್ರು ಬೆತ್ತ ಎತ್ತಿದರು. ಕ್ಲಾಸಿನಲ್ಲೇ ಇದ್ದ ಚಿನ್ನಸ್ವಾಮಿ ಮೇಷ್ಟ್ರು ನಡುವೆ ಬಂದರು. "ಮಾಡ್ಲಿ ಬಿಡಿ ಸಾರ್. ನಾಳೆ ಇನ್‌ಸ್ಪೆಕ್ಟರು ಇದೇ ಪಾಠ ಕೇಳಿದ್ರೆ ಹುಡುಗರಿಗೆ ನೆನಪಿರುತ್ತೆ." ಇನ್‌ಸ್ಪೆಕ್ಟರ ಹೆಸರು ಕೇಳಿದ್ದೇ ಬೆತ್ತ ಕೆಳಗಿಳಿಯಿತು.

ನಾನು ಕೇಳುವ ಮುಂಚೆಯೇ ಗೆಳತಿ ದಿಲ್ಶಾದ್ ಎದ್ದು ಬಂದಳು. ಹೆಡ್ ಮೇಷ್ಟ್ರ ಪೆಚ್ಚಾದ ಮುಖ ನೋಡುವ ಆಸೆಗೆ ಕಲೀಮುಲ್ಲಾ ಬಂದ. ಬೈಲಪ್ಪ ಮಾತ್ರ ನನ್ನ ಬುಗುರಿ ಕೇಳಿದ.

"ನಿಜ ಹೇಳೋಕೂ ಲಂಚ ಬೇಕೇನ್ಲಾ?" ಅಂದೆ.

"ಸುಳ್ಳಾಗಿದ್ರೆ ಎರಡು ಬುಗುರಿ ಕೇಳ್ತಿದ್ದೆ" ಅಂದ, ಪಾಪಿ! ಕೊಟ್ಟೆ. ಇನ್ನೇನು ಮಾಡಲಿ?

ಎಷ್ಟು ಗೋಗರೆದರೂ ಹನ್ನೊಂದೇ ಜನ ಸಿಕ್ಕಿದರು. ಉಳಿದವರು ಬೆತ್ತದ ಕಡೆ ನೋಡಿ ತಲೆ ತಗ್ಗಿಸಿದರು. ಅಷ್ಟರಲ್ಲಿ ಅಪ್ಪ ಕೆಸರುಗಾಲಲ್ಲೇ ಬಂದು ಬಾಗಿಲಲ್ಲಿ ನಿಂತ. ಹೆಡ್ ಮೇಷ್ಟ್ರು ದೂರು ಹೇಳಿದರು. ಅಪ್ಪ ನನ್ನ ಮುಖವನ್ನೇ ನೋಡಲಿಲ್ಲ.

ನಾನು ಆಣೆ ಮಾಡಿದೆ. ಹನ್ನೊಂದು ಮಂದಿಯೂ ಒಬ್ಬೊಬ್ಬರಾಗಿ ಹೇಳಿದರು. ಬೈಲಪ್ಪ ನಗು ತಡೆಯಲು ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಒದರಿದ.

"ಇನ್ನೊಬ್ಬರು?" ಅಂದರು ಚಿನ್ನಸ್ವಾಮಿ ಮೇಷ್ಟ್ರು.

"ಅಪ್ಪಾ, ನೀನು ಹೇಳಪ್ಪಾ" ಅಂದೆ.

ಅಪ್ಪ ನೆಲ ನೋಡಿದ. "ದಿನಾ ಮರ ಹತ್ತೋಳು ನೀನು. ನಾನೆಂಗೆ ಹೇಳ್ಲಿ? ನಡಿ ಮನೆಗೆ."

ಅಳು ಬಂತು. ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಬೈಲಪ್ಪನಿಗಾದರೂ ಬುಗುರಿ ಕೊಟ್ಟಿದ್ದೆ, ಹೆತ್ತಪ್ಪನಿಗೆ ಏನು ಕೊಡಬೇಕಿತ್ತು?

"ತಡೀರೋ, ನಾನ್ ಹೇಳ್ತೀನಿ" ಅಂತ ಕಿಟಕಿಯ ಆಚೆಯಿಂದ ದನಿ ಬಂತು. ಹೆಡ್ ಮೇಷ್ಟ್ರ ತಾಯಿ ಅಮ್ಮಯಮ್ಮಜ್ಜಿ ಗೋಡೆ ಹಿಡಿದುಕೊಂಡು ಒಳಗೆ ಬಂದು, "ಪಿಳ್ಳಮ್ಮನ ಆಣೆ ಶುದ್ಧ, ಸುಳ್ಳಿಲ್ಲ" ಅಂತ ಗಟ್ಟಿಯಾಗಿ ಹೇಳಿದಳು.

"ಅವ್ವಾ, ನಿಂಗೇನ್ ಗೊತ್ತು? ಸುಮ್ನೆ ಮನೇಗೆ ಹೋಗು" ಅಂದರು ಹೆಡ್ ಮೇಷ್ಟ್ರು.

"ಗೊತ್ತಿಲ್ದೆ ಏನ್ಲಾ? ದೋಟಿ ಹಾಕಿ ಕಿತ್ತು ತಿಂದೋಳು ನಾನೇ! ಜ್ವರ ಬಂದು ಬಾಯೆಲ್ಲ ಕಹಿ, ಒಂದು ತೊಳೆ ಕೊಡೋ ಅಂದ್ರೆ ಅದು ಸಾಹೇಬ್ರಿಗೆ ಅಂದೆ ನೀನು. ಸಾಹೇಬ್ರೇನು ನಿನ್ನ ಹೆತ್ತಿದ್ರಾ?"

ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಚಿನ್ನಸ್ವಾಮಿ ಮೇಷ್ಟ್ರು ಕರಿಹಲಗೆಯ ಕಡೆ ತಿರುಗಿ ನಿಂತರು, ಅವರ ಭುಜ ಕುಣಿಯುತ್ತಿತ್ತು. ಹೆಡ್ ಮೇಷ್ಟ್ರು ಮುಖ ಒರೆಸಿಕೊಂಡು ಅಪ್ಪನ ಕಡೆ ತಿರುಗಿ, "ರಾಮಾಂಜಿನಪ್ಪ, ನಂದೇ ತಪ್ಪಾಯ್ತು. ಹುಡುಗೀನ ಬಿಡಿಸ್ಬೇಡಪ್ಪ" ಅಂದರು.

ನಾನು ಹೋಗಿ ಗೋಡೆ ಕಡೆ ಮುಖ ಮಾಡಿ ಕೂತೆ. ಅಪ್ಪ ಹೊಲಕ್ಕೆ ಹೋಗಲಿಲ್ಲ. ತಲೆಯ ಟವಲ್ಲು ತೆಗೆದು ಹೆಗಲಿಗೆ ಹಾಕಿಕೊಂಡು ಅಜ್ಜಿಯ ಪಕ್ಕ ಬಂದು ನಿಂತ.

"ಅದೇನ್ ಹೇಳ್ಬೇಕು ಮೇಷ್ಟ್ರೇ?"

"ಹನ್ನೆರಡು ಆಯ್ತಲ್ಲಪ್ಪ, ಸಾಕು" ಅಂದರು ಚಿನ್ನಸ್ವಾಮಿ ಮೇಷ್ಟ್ರು.

"ಎಲ್ಲಾ ಗೊತ್ತಾದ್ಮೇಲೆ ಹೇಳಿ ಏನ್ ಬಂತು?" ಅಂದೆ ನಾನು, ಗೋಡೆಗೆ.

"ಇದು ಈ ಹಣ್ಣಿಗಲ್ಲ ಕಣವ್ವ. ಇನ್ಮುಂದಿಂದಕ್ಕೆ" ಅಂದ ಅಪ್ಪ. ಆಮೇಲೆ ಶುರು ಮಾಡಿದ. "ಪಿಳ್ಳಮ್ಮನ... ಆಣೆ..." ನಡುವೆ ನಿಲ್ಲಿಸಿ ಟವಲ್ಲಿನಲ್ಲಿ ಮೂಗು ಒರೆಸಿಕೊಂಡ.

"ತೊದಲಿದ್ರು! ಲೆಕ್ಕಕ್ಕಿಲ್ಲ!" ಅಂತ ಬೈಲಪ್ಪ ಕೂಗಿದ.

"ಮೊದಲಿಂದ ಹೇಳು" ಅಂದೆ.

ಮೂರನೇ ಸಲಕ್ಕೆ ಸರಿಯಾಗಿ ಹೇಳಿದ. ಅಲ್ಲಿಯವರೆಗೂ ನಾನು ತಿರುಗಲಿಲ್ಲ.