ಅಜ್ಜಾರು ಮುಟ್ಟಿದ ನಲ್ಲಿ

ಮಾಕಳಿಯ ಫ್ಯಾಕ್ಟರಿಗಳ ಹಿಂದಿನ ತಗಡಿನ ಶೆಡ್ಡುಗಳಲ್ಲಿ ಮಹಾನಂದಾಳನ್ನು ಒಳಗೆ ಕರೆದು ಕೂರಿಸುತ್ತಿದ್ದವಳು ರುಕ್ಮವ್ವ ಒಬ್ಬಳೇ. ಉಳಿದವರಿಗೆ ಅವಳು ಮಠದ ದವಾಖಾನೆಯ ನರ್ಸು; ಮಾತ್ರೆ ಕೈಗೆ ಬಿದ್ದರೆ ಮುಗಿಯಿತು. ಯಾದಗಿರಿ ಕಡೆಯ ಗಾರೆ ಕೆಲಸದ ರುಕ್ಮವ್ವ ಮಾತ್ರ, ಇವಳ ಸಿಂದಗಿ ಮಾತು ಕಿವಿಗೆ ಬಿದ್ದ ದಿನವೇ ನೀ ನಮ್ಮಕಿ ಎಂದು ಚಾಪೆ ಹಾಸಿದ್ದಳು. ಬಾಡಿಗೆ ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ದನಿಯಿಲ್ಲದ ಮಹಾನಂದಾ ವಾರವಿಡೀ ಆ ಹರಟೆಗೇ ಕಾಯುತ್ತಿದ್ದಳು.

ಅಂಥ ರುಕ್ಮವ್ವ ಭೇದಿಯಾಗಿ ಹಾಸಿಗೆ ಹಿಡಿದಿದ್ದಳು. ಸಲೈನ್ ಹಾಕಿಸಿ ಕರೆತಂದರೆ ವಾರಕ್ಕೆ ಮತ್ತೆ ಅದೇ. ಮೈಯಲ್ಲಿ ಎಲುಬಷ್ಟೇ ಉಳಿದಿತ್ತು. ಶೆಡ್ಡು ಸಾಲಿನ ತುದಿಯಲ್ಲೇ ಮಠದವರು ಹಾಕಿಸಿದ ಫಿಲ್ಟರ್ ನೀರಿನ ನಲ್ಲಿ ಇದ್ದೂ ಯಾಕೆ ಹೀಗೆ?

ಒಂದು ಭಾನುವಾರ ಗೊತ್ತಾಯಿತು. ನಲ್ಲಿ ಶುರುವಾದ ದಿನ ಮಠದ ಸ್ವಾಮಿಗಳು, ಈ ಜನರ ಬಾಯಲ್ಲಿ ಅಜ್ಜಾರು, ಅದನ್ನು ಮುಟ್ಟಿ ಹರಸಿದ್ದರು; ಅಂದಿನಿಂದ ಆ ನೀರು ರುಕ್ಮವ್ವನಿಗೆ ತೀರ್ಥ. ಒಂದು ತಂಬಿಗೆ ತಂದು ದೇವರ ಮುಂದಿಟ್ಟು, ಬೆಳಿಗ್ಗೆ ಅಂಗೈ ಗುಳಿಯಷ್ಟು ಬಾಯಿಗೆ, ಉಳಿದ ಹನಿ ಕಣ್ಣಿಗೆ. ಬಾಯಾರಿದರೆ ಚರಂಡಿ ಪಕ್ಕದ ಬೋರಿನ ನೀರು. ಹಿರಿಯಳೆಂದು ಅವಳನ್ನು ನೋಡಿ ಇಡೀ ಸಾಲು ಹಾಗೇ ಮಾಡುತ್ತಿತ್ತು.

"ಅಕ್ಕಾ, ಕುಡಿಲಿ ಅಂತನ ಹಾಕಿಸ್ಯಾರ. ಅದೂ ನೀರನ."

"ಅಜ್ಜಾರು ಮುಟ್ಟಿದ್ದರಾಗ ಬಾಯಿ ಮುಕ್ಕಳಿಸ್ಲೇನು?" ರುಕ್ಮವ್ವನ ದನಿ ಸೋತಿತ್ತು, ಹಟ ಸೋತಿರಲಿಲ್ಲ. "ಜೀವ ಹೋದ್ರ ಹೋಗ್ಲಿ ತಂಗಿ, ಪಾಪ ಕಟ್ಕೊಳ್ಳಾಂಗಿಲ್ಲ."

ಸ್ವಾಮಿಗಳಿಂದಲೇ ಹೇಳಿಸೋಣವೆಂದರೆ ಅವರು ಕೇದಾರದ ಯಾತ್ರೆಯಲ್ಲಿದ್ದರು, ಫೋನು ಹತ್ತುತ್ತಿರಲಿಲ್ಲ. ಅವರು ಬರುವತನಕ ಈ ಜೀವ ತಾಳುವ ಹಾಗೆ ಕಾಣಲಿಲ್ಲ.

ಮಹಾನಂದಾ ಹೊರಗೆ ಬಂದಳು. ನಲ್ಲಿಗೆ ಬಾಯಿ ಹಚ್ಚಬೇಡಿ ಎಂದು ಮಕ್ಕಳನ್ನು ಬಂದಾಗಲೆಲ್ಲ ಗದರುವವಳು, ಎಲ್ಲರ ಕಣ್ಣೆದುರು ಬಗ್ಗಿ, ನಲ್ಲಿಯನ್ನೇ ಬಾಯೊಳಗಿಟ್ಟುಕೊಂಡು ಗಟಗಟ ಕುಡಿದಳು. ಪಾತ್ರೆ ತಿಕ್ಕುತ್ತಿದ್ದವರ ಕೈ ನಿಂತಿತು. ಗೋಡೆ ಹಿಡಿದು ಹೊಸ್ತಿಲಿಗೆ ಬಂದ ರುಕ್ಮವ್ವ ನೋಡಿದಳು.

"ಎಂಜಲ ಮಾಡಿದೇನವ್ವಾ," ಎಂದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮೇಸ್ತ್ರಿ ಚನಬಸಪ್ಪ ಬೀಡಿ ಆರಿಸಿದ. "ಇನ್ನೇನದ? ಬಾಯಿ ಹತ್ತಿದಮ್ಯಾಲೆ ಅದು ಬರೇ ನೀರು. ತುಂಬ್ರಿ ಕೊಡ."

ಎಲ್ಲರೂ ಹೋದ ಮೇಲೆ ಮಹಾನಂದಾ ನಲ್ಲಿಯನ್ನು ಬ್ಲೀಚಿಂಗ್ ಹಾಕಿ ತಿಕ್ಕಿ ತೊಳೆದಳು. ಅದನ್ನು ಯಾರೂ ನೋಡಲಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ಸಾಲಿನಲ್ಲಿ ಭೇದಿಯ ಮಾತಿಲ್ಲ. ಫಿಲ್ಟರ್ ನೀರಿನಲ್ಲೇ ಅನ್ನ, ಚಹಾ, ಕೆಲವರದು ಮುಖಮಾರ್ಜನವೂ. ಆದರೆ ಗುರುವಿನ ನೀರು ಎಂಜಲು ಮಾಡಿದವಳನ್ನು ಒಳಗೆ ಕರೆಯುವವರಿಲ್ಲ. ರುಕ್ಮವ್ವ ಸಿಮೆಂಟು ಮೆತ್ತಿದ ಸೀರೆಯಲ್ಲಿ ಕೆಲಸದಿಂದ ಬಂದು, ಬಾಗಿಲಲ್ಲೇ ನಿಂತು ಟಾನಿಕ್ಕಿನ ಬಾಟಲಿ ಈಸಿಕೊಂಡಳು.

"ಹೊಟ್ಟಿ ಹೆಂಗದ ಅಕ್ಕಾ?"

"ಆರಾಮದ."

ಕೆನ್ನೆ ತುಂಬಿಕೊಂಡಿತ್ತು, ಕಣ್ಣಲ್ಲಿ ಬೆಳಕಿತ್ತು. ಕೇಳಬೇಕಾದ್ದು ಏನೂ ಉಳಿದಿರಲಿಲ್ಲ. ಆದರೂ ಮಹಾನಂದಾ ಬ್ಯಾಗು ಹೆಗಲಿಗೇರಿಸಿಕೊಂಡು ಇನ್ನೊಮ್ಮೆ ಹೊಟ್ಟೆ ಹೇಗಿದೆಯೆಂದು ಕೇಳಿದಳು.

"ಅಂದ್ನಲ್ಲ, ಆರಾಮದ ಅಂತ," ಎಂದು ರುಕ್ಮವ್ವ ಬಾಗಿಲು ಮುಂದೆ ಮಾಡಿಕೊಂಡಳು.