ಕಪ್ಪು ನೀರಿನ ಆಶಾರಾಣಿ

ಕುಡಿಯಲು ಏನನ್ನೇ ಕೊಡಿ, ಆಶಾರಾಣಿ ಮೇಡಂ ಅದನ್ನು ಮೊದಲು ಬೆಳಕಿಗೆ ಹಿಡಿಯುತ್ತಾರೆ. ಪಾನಕವಾಗಲಿ, ಮದುವೆಮನೆಯ ಮಜ್ಜಿಗೆಯಾಗಲಿ, ಗಾಜಿನ ಲೋಟವನ್ನು ಸೂರ್ಯನತ್ತ ಎತ್ತಿ, ಒಂದು ಕಣ್ಣು ಕಿರಿದಾಗಿಸಿ, ತಳದಲ್ಲಿ ಏನಾದರೂ ಕೂತಿದೆಯೇ ಎಂದು ನೋಡಿದ ಮೇಲೆಯೇ ತುಟಿಗೆ ತಾಗಿಸುವುದು. ನಮ್ಮ ಮನೆಯಲ್ಲೂ ಅವರು ಹೀಗೆ ಮಾಡಿದಾಗ, "ಕಾಫೀಲಿ ಏನ್ ಬಿದ್ದದೆ ಅಂತ ಅಂಗ್ ನೋಡ್ತಾರೆ ಈಯಮ್ಮ?" ಎಂದು ನನ್ನ ಹೆಂಡತಿ ಮುಖ ಊದಿಸಿದ್ದಳು.

ಪಿರಿಯಾಪಟ್ಟಣದ ನಮ್ಮ ಕಾಲೇಜಿನಲ್ಲಿ ಅವರು ಭೌತವಿಜ್ಞಾನ ಹೇಳುತ್ತಾರೆ, ನಾನು ಕನ್ನಡ, ಮನೆಗಳು ಅಕ್ಕಪಕ್ಕ. ಆಸಿಡ್ ಬಿದ್ದು ತೂತಾದ ಬಿಳಿ ಕೋಟು, ಅದರ ಜೇಬಿನಲ್ಲಿ ಸದಾ ಒಂದು ಪುಟ್ಟ ಸೀಸೆ, ಸೀಸೆಯಲ್ಲಿ ಕಪ್ಪು ನೀರು. ಕಣ್ಣಿಗೆ ನಿಲುಕದಷ್ಟು ಸೂಕ್ಷ್ಮವಾದ ತಾಮ್ರದ ಕಣಗಳು ಆ ನೀರಿನಲ್ಲಿ ತೇಲುತ್ತ, ಬಂದ ಬಿಸಿಲನ್ನು ಬಂದ ಹಾಗೆಯೇ ಹೀರುತ್ತವಂತೆ. ವಿಜ್ಞಾನದಲ್ಲಿ ನಾನು ಶುದ್ಧ ಮೊದ್ದು, ಸುಮ್ಮನೆ ತಲೆಯಾಡಿಸುತ್ತೇನೆ. "ತೇಲ್ತಾ ಇದ್ರೆ ಬಿಸಿಲು ನಮ್ದು, ತಳಕ್ಕೆ ಕೂತ್ರೆ ಮುಗೀತು ಕಣ್ರೀ," ಎನ್ನುತ್ತ ಅವರು ಜೇಬಿನೊಳಗೇ ಸೀಸೆಯನ್ನು ಕುಲುಕುತ್ತ, ಬಲಭುಜ ಕುಣಿಸುತ್ತ ನಡೆಯುವುದನ್ನು ದೂರದಿಂದಲೇ ಗುರುತಿಸಬಹುದು.

ಇಷ್ಟೆಲ್ಲ ಒದ್ದಾಟ ತಮ್ಮ ಅತ್ತೆ ಪುಟ್ಟಮಾದಮ್ಮನವರಿಗಾಗಿ. ಬಚ್ಚಲೊಲೆಯ ಹೊಗೆ ಕುಡಿದೂ ಕುಡಿದೂ ಅವರ ಎದೆ ಕಟ್ಟಿತ್ತು. ಇನ್ನು ಹೊಗೆ ಸೋಕಕೂಡದೆಂದು ಡಾಕ್ಟರು ಗದರಿದ್ದರು. ಮುದುಕಿ ಕೇಳಬೇಕಲ್ಲ! ಕರೆಂಟಿನ ನೀರು ಮೈಗೆ ಹತ್ತದು, ಹಂಡೆಯ ನೀರೇ ಆಗಬೇಕು. ಸರಿ, ಹಂಡೆಯನ್ನು ಉಳಿಸಿ ಒಲೆಯನ್ನು ಬಿಡಿಸುವ ಹಂಚಿಕೆ ಹೂಡಿದರು ಮೇಡಂ. ತಾರಸಿಯ ಮೇಲೆ ಗಾಜಿನ ಮುಚ್ಚಳದ ಪೆಟ್ಟಿಗೆ, ಅದರ ತುಂಬ ಕಪ್ಪು ನೀರು. ಆ ನೀರಿನಲ್ಲಿ ಮುಳುಗಿದ ಕೊಳವೆಯೊಳಗೆ ಸ್ನಾನದ ನೀರು ಹರಿದು ಕಾದು, ಒಲೆಯ ಮೇಲೆ ಗೋಣಿ ಹೊದ್ದು ಕೂತ ಹಳೆಯ ಹಂಡೆಗೆ ಇಳಿಯುತ್ತಿತ್ತು. ಅತ್ತೆ ಮೀಯುತ್ತಿದ್ದರು, ಗೊಣಗುತ್ತಲೂ ಇದ್ದರು. ಒಲೆಯ ಪಕ್ಕದ ಸೌದೆಯನ್ನು ಮಾತ್ರ ತೆಗೆಯಗೊಡಲಿಲ್ಲ.

ಕಳೆದ ದೀಪಾವಳಿಗೆ ನೀರು ತುಂಬುವ ಹಬ್ಬ ಬಂತು. ಅಂದು ಮನೆಯಲ್ಲಿ ಹಳೇ ನೀರು ಒಂದು ತೊಟ್ಟೂ ಉಳಿಯಬಾರದು. ಮೇಡಂ ಕಾಲೇಜಿನಲ್ಲಿದ್ದಾಗ ಪುಟ್ಟಮಾದಮ್ಮ ಹುಣಸೆಹಣ್ಣು ಹಾಕಿ ಹಂಡೆ ಬೆಳಗಿ, ಏದುಸಿರು ಬಿಡುತ್ತ ತಾರಸಿ ಹತ್ತಿ, ಪೆಟ್ಟಿಗೆಯ ಕಪ್ಪು ನೀರನ್ನೂ ಬಸಿದು, ಸೊಸೆ ಜತನ ಮಾಡಿದ್ದೆಂದು ಚೆಲ್ಲಲು ಮನಸ್ಸಾಗದೆ ಉಪ್ಪಿನಕಾಯಿ ಜಾಡಿಗೆ ಸುರಿದು, ಪೆಟ್ಟಿಗೆಗೆ ತಿಳಿನೀರು ತುಂಬಿ, ಹಂಡೆಗೆ ಮಾಡುವಂತೆಯೇ ಗಾಜಿಗೂ ವಿಭೂತಿ ಬಳಿದು ಹಾಗಲಬಳ್ಳಿ ಸುತ್ತಿದರು!

ಸಂಜೆ ಮೇಡಂ ತಾರಸಿಯಲ್ಲಿ ಬಾಯಿಗೆ ಕೈಯಿಟ್ಟು ನಿಂತದ್ದನ್ನು ಕಂಡೆ. ಇನ್ನೇನು ರಂಪ ಎಂದುಕೊಂಡೆ. ಅವರು ಕೆಳಗಿಳಿದು, "ಪೂಜೆ ಚೆನ್ನಾಗ್ ಮಾಡಿದ್ದೀರಿ ಅತ್ತೆ," ಎಂದರಷ್ಟೆ. ಹಬ್ಬದ ನೀರನ್ನು ಚೆಲ್ಲಿ ಅತ್ತೆಯ ಮನಸ್ಸು ನೋಯಿಸಲು ಅವರಿಗೆ ಇಷ್ಟವಿರಲಿಲ್ಲ.

ತಿಳಿನೀರಿನಲ್ಲಿ ಬಿಸಿಲು ನಿಲ್ಲಲಿಲ್ಲ. ಮರುದಿನ ಬೆಳಗಿನ ಎಣ್ಣೆನೀರಿಗೆ ಹಂಡೆ ಉಗುರುಬೆಚ್ಚಗೂ ಇರಲಿಲ್ಲ. ಸೊಸೆ ಏಳುವ ಮೊದಲೇ ಮುದುಕಿ ಗೋಣಿ ಕಿತ್ತು ಒಲೆ ಹೊತ್ತಿಸಿದ್ದರು. ಹೊಗೆಗೆ ಅವರು ಕೆಮ್ಮುವುದು ಕೇಳಿ ನಾನು ಬರಿಗಾಲಲ್ಲಿ ಓಡಿದೆ. ಮೇಡಂ ಅತ್ತೆಯನ್ನು ಜಗಲಿಗೆ ಕರೆತಂದು ಬೆನ್ನು ನೀವುತ್ತಿದ್ದರು. ಎಣ್ಣೆ ಇಳಿಯುವ ಮುಖವೆತ್ತಿ, ಉಸಿರು ಹಿಡಿದು ಹಿಡಿದು ಪುಟ್ಟಮಾದಮ್ಮ ಅಂದರು:

"ಜಾಡೀಲದೆ ಕಣವ್ವ ನಿನ್ ಕರೀ ನೀರು. ಅದ್ನೇ ತುಂಬು. ಈ ಒಲೆ ಕಿತ್ತಾಕ್ಬುಡು."

ಮೇಡಂ ಜಾಡಿಯಿಂದ ಒಂದು ಲೋಟ ಬಗ್ಗಿಸಿ ಎಳೆಬಿಸಿಲಿಗೆ ಹಿಡಿದರು. ತಳದಲ್ಲಿ ಕೊಂಚ ಕೂತಿತ್ತು. ಅವರ ಕಣ್ಣು ತುಂಬಿತ್ತು, ನಗುತ್ತಲೂ ಇದ್ದರು. "ಕೂತಿದ್ರೆ ಕೂತ್ಕೊಳ್ಳಿ ಬುಡಿ, ಮತ್ತೆ ಕದಡಿದ್ರಾಯ್ತು," ಎಂದರು.

ಬಚ್ಚಲ ಹೊರಗೆ ಒಲೆಯ ಬಾಯಿದ್ದ ಜಾಗದಲ್ಲಿ ಈಗ ತುಳಸಿಯ ಸಸಿಗಳಿವೆ. ಹೊಸದನ್ನು ಹೊತ್ತು ತರುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಹಳೆಯದಕ್ಕೆ ಒಂದು ದಿನದ ಹಬ್ಬ ಬಿಟ್ಟುಕೊಟ್ಟು ಕಾಯಬಲ್ಲವರು ಅಪರೂಪ. ಅಂಥವರಿರುವ ಮನೆಯಲ್ಲಿ ಮುದುಕಿಯರು ಎದೆತುಂಬ ಉಸಿರಾಡುತ್ತಾರೆ.